ಅಜ್ಜಿ ಇವತ್ತು ಓಟು ಹಾಕಬಾರದು

ಸ್ತಾರಾ ಗ್ರೊಬ್ಲಾ ಊರಿನಿಂದ
ಜನವರಿ 18, ಭಾನುವಾರ, ಬೆಳಗಿನ ಜಾವ

ಪ್ರೀತಿಯ ಅಮ್ಮಾ,

ಮೂರು ಗಂಟೆಗೆ ಸ್ವಲ್ಪ ಮುಂಚೆ ಹಿಮ ಬಳಿಯುವ ಲಾರಿಯ ಸದ್ದಿಗೆ ಎಚ್ಚರವಾಯಿತು. ಕಬ್ಬಿಣದ ಹಲಗೆ ರಸ್ತೆಯನ್ನು ಕೆರೆದುಕೊಂಡು ಹೋಗುವಾಗ ಹಲ್ಲು ಜುಮ್ಮೆನ್ನುತ್ತದಲ್ಲ, ಅದೇ ಸದ್ದು. ಬೊಗ್ನಾಗೆ ಮೇಲಿನ ಹಲ್ಲು ಬರುತ್ತಿದೆ, ಸಂಜೆಯಿಂದ ಒಂದೇ ಸಮನೆ ರಚ್ಚೆ. ಹೆಗಲಿಗೆ ಹಾಕಿಕೊಂಡು ಓಡಾಡಿ ಓಡಾಡಿ ಆಗ ತಾನೇ ಮಲಗಿಸಿ ನಾನೂ ಕಣ್ಣು ಮುಚ್ಚಿದ್ದೆ. ಪುಣ್ಯಕ್ಕೆ ಅವಳು ಏಳಲಿಲ್ಲ. ನನಗೆ ಮಾತ್ರ ಇನ್ನು ನಿದ್ದೆಯಿಲ್ಲವೆಂದು ಗೊತ್ತಾಯಿತು. ಅಡುಗೆಮನೆಯಲ್ಲಿ ಬಂದು ಕುಳಿತಿದ್ದೇನೆ.

ನೀನು ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಆ ಪರದೇಶದಲ್ಲಿ ನೀನು ನೋಡಿಕೊಳ್ಳುವ ಹೆನ್ನಿಂಗ್ ಮುದುಕಮ್ಮನನ್ನು ಮಗ್ಗುಲು ತಿರುಗಿಸುವಾಗ ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ ಎಂದು ಎಷ್ಟು ಸಲ ಹೇಳಿದ್ದೇನೆ. ನಾನು ಕಳಿಸಿದ ಮುಲಾಮು ನೀನು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಆಕೆಯ ಕಾಲಿಗೇ ತಿಕ್ಕಿ ಮುಗಿಸಿದೆಯೋ? ರಾತ್ರಿ ಆಕೆಗೆ ಸದ್ದಾಗಬಾರದೆಂದು ನಿನ್ನ ಫೋನಿನ ಬಾಯಿ ಮುಚ್ಚಿಸಿ ಅಡುಗೆಮನೆಯಲ್ಲಿ ಇಟ್ಟಿರುತ್ತೀಯ, ಗೊತ್ತು. ಐದಕ್ಕೆ ಎದ್ದು ಕಾಫಿಗೆ ನೀರಿಡುವಾಗ ಅದನ್ನು ನೋಡುತ್ತೀಯ, ಅದೂ ಗೊತ್ತು. ಅದಕ್ಕೇ ಕಾಗದದ ಮೇಲೆ ಬರೆದು ಹಾಳೆಗಳ ಫೋಟೊ ತೆಗೆದು ಕಳಿಸುತ್ತೇನೆ. ಫೋನಿನಲ್ಲಿ ಒತ್ತಿ ಬರೆದರೆ ಎರಡು ಸಾಲಿಗೇ ನನ್ನ ಕೈ ನಿಂತುಹೋಗುತ್ತದೆ. ಇದು ಎರಡು ಸಾಲಿನ ವಿಷಯವಲ್ಲಮ್ಮಾ.

ಮೊದಲು ಆ ಲಾರಿಯ ವಿಷಯ ಹೇಳಿಬಿಡುತ್ತೇನೆ, ತಲೆಯಿಂದ ಹೋಗುತ್ತಿಲ್ಲ. ನಿನ್ನ ಅಳಿಯ ಸೆವೆರಿನ್ ಮೇಯರ್ ಆದ ಮೊದಲನೆಯ ಚಳಿಗಾಲವೇ, ತನಗೆ ಮೊದಲು ಎಂದು ಯಾರೂ ಆಡಿಕೊಳ್ಳಬಾರದೆಂದು, ನಮ್ಮ ರಸ್ತೆಯ ಹಿಮವನ್ನು ಇಡೀ ಊರಿನದ್ದು ಆದ ಮೇಲೆ ಕಟ್ಟಕಡೆಗೆ ಬಳಿಯಿರಿ ಎಂದು ಹೇಳಿದ್ದ. ನಮ್ಮಿಂದಾಗಿ ಅಕ್ಕಪಕ್ಕದವರೆಲ್ಲ ಮಧ್ಯಾಹ್ನದವರೆಗೆ ಹೂತುಕೊಂಡು ಕೂರಬೇಕು. "ಮೇಯರ್ ಪಕ್ಕದ ಮನೆ ಸಿಕ್ತು ಅಂತ ಕುಣಿದಾಡಿದ್ದೆ ಕಣಯ್ಯಾ, ಈಗ ಅಂಗಡಿಗೆ ಹೋಗೋಕೂ ಕುದುರೆ ಕಟ್ಬೇಕು" ಎಂದು ಪಕ್ಕದ ಮನೆಯವನು ಇವನನ್ನು ಪ್ರತಿ ವರ್ಷ ರೇಗಿಸುತ್ತಾನೆ. ಅಂಥ ಲಾರಿ ಇವತ್ತು, ಬೇರೆ ಯಾವ ದಿನವೂ ಅಲ್ಲ ಇವತ್ತೇ, ನಮ್ಮ ರಸ್ತೆಗೆ ಮೊದಲು ಬಂದಿದೆ. ಯಾಕೆ ಹೇಳು? ಡ್ರೈವರ್ ಪಾಪ ಅಂತ ಮಾಡಿದನೇ? ಇನ್ನು ಇವನ ಮಾತು ನಡೆಯುವುದಿಲ್ಲ ಎಂದು ಈಗಲೇ ತೀರ್ಮಾನಿಸಿದನೇ? ಬೆಳಿಗ್ಗೆ ಜನ ನೋಡಿ ಆಡಿಕೊಳ್ಳಲಿ ಎಂದು ಯಾರಾದರೂ ಹೇಳಿ ಮಾಡಿಸಿದರೇ? ಇಂಥದ್ದನ್ನೆಲ್ಲ ಯೋಚಿಸುತ್ತಾ ಕೂರುವ ಹೆಂಗಸಾಗಿದ್ದೇನೆ ನಾನು. ಸೆವೆರಿನ್‌ಗೆ ಏನೂ ಕೇಳಿಸಿಲ್ಲ. ನಿದ್ದೆ ಹೊಡೆಯುತ್ತಿದ್ದಾನೆ.

ಇವತ್ತು ಏನೆಂದು ನಿನಗೆ ನೆನಪಿದೆ ತಾನೆ? ಇವನನ್ನು ಅವಧಿಗೆ ಮುಂಚೆ ಇಳಿಸಬೇಕೋ ಬೇಡವೋ ಎಂದು ಊರು ಓಟು ಹಾಕುವ ದಿನ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ನಿನ್ನ ಮುದುಕಮ್ಮ ಕರೆದಳೆಂದು ನೀನು ಇಟ್ಟುಬಿಟ್ಟೆ. ಎಲ್ಲಾ ಶುರುವಾದದ್ದು ನಮ್ಮ ಅಜ್ಜಿಯ ಹಳ್ಳಿ ಝಗಾಯೆಯ ಶಾಲೆಯಿಂದ, ನೀನು ಓದಿದ ಶಾಲೆಯಿಂದಲೇ. ಕೊನೆಗೆ ಅಲ್ಲಿ ಒಂದೊಂದು ತರಗತಿಗೆ ಮೂರು ನಾಲ್ಕು ಮಕ್ಕಳು ಉಳಿದಿದ್ದವು. ಮುಚ್ಚಿ, ಮಕ್ಕಳನ್ನು ಬಸ್ಸಿನಲ್ಲಿ ಇಲ್ಲಿಗೆ ಕರೆತರೋಣವೆಂದು ಸೆವೆರಿನ್ ಪುರಸಭೆಯ ಮುಂದೆ ಇಟ್ಟ. ಸದಸ್ಯರೆಲ್ಲ ಕೈ ಎತ್ತಿದರು. ಅಧ್ಯಕ್ಷನ ಕುರ್ಚಿಯಲ್ಲಿ ಕುಳಿತ ಝೆನೋನ್ ಎಲ್ಲರಿಗಿಂತ ಮೊದಲು ಎತ್ತಿದ. ಈಗ ಇವನನ್ನು ಇಳಿಸಲು ಮನೆಮನೆ ಸುತ್ತಿ ಸಹಿ ಹಾಕಿಸಿದವನೂ ಅವನೇ! ಬೇಕರಿ ಮುಂದೆ ಸಿಕ್ಕಿದಾಗ ಕೇಳಿಯೇಬಿಟ್ಟೆ, ನಿಮ್ಮ ಕೈಯೂ ಮೇಲಿತ್ತಲ್ಲ ಅಂತ. "ನಾವು ಕೈ ಎತ್ತಿದ್ವಿ ಅಷ್ಟೆ ಕಣಮ್ಮಾ, ಕಾಗದ ತಂದಿಟ್ಟವನು ನಿನ್ನ ಗಂಡ. ಜನಕ್ಕೆ ಹದಿನೈದು ಮುಖ ಎಲ್ಲಿ ನೆನಪಿರುತ್ತೆ, ಒಂದಾದ್ರೆ ಸುಲಭ" ಎಂದು ನಕ್ಕು, ಬೊಗ್ನಾಳ ಕೆನ್ನೆ ಬೇರೆ ಸವರಿದ. ಅಮ್ಮಾ, ನನಗೆ ಅವನ ಕೈ ಕಚ್ಚಬೇಕೆನ್ನಿಸಿತು.

ಅವನು ಹೇಳಿದ್ದು ಸುಳ್ಳಲ್ಲ ಅನ್ನುವುದೇ ಸಂಕಟ. ಊರಿನಲ್ಲಿ ಏನಾದರೂ ಅದು ಮೇಯರ್ ತಲೆಗೇ. ಕಸದ ಗಾಡಿ ಬರದಿದ್ದರೂ ಇವನು, ಬೀದಿನಾಯಿ ಕಚ್ಚಿದರೂ ಇವನು, ರಸ್ತೆಯಲ್ಲಿ ಕಾಡುಹಂದಿ ಸತ್ತುಬಿದ್ದರೂ ಇವನು. ಹೋದ ಬೇಸಿಗೆಯಲ್ಲಿ ಒಂದು ಮದುವೆ ಮಾಡಿಸಿದ್ದ, ಅಧಿಕಾರದ ಸರಪಣಿ ಕೊರಳಿಗೆ ಹಾಕಿಕೊಂಡು. ಮರದ ಎಲೆ ಉದುರುವಷ್ಟರಲ್ಲಿ ಆ ಹುಡುಗಿ ಗಂಡನ ಮನೆ ಬಿಟ್ಟು ಬಂದಳು. ಅವಳ ತಾಯಿ ಬಂದು ನಮ್ಮ ಗೇಟಿನ ಹತ್ತಿರ ನಿಂತು, "ನೀವು ಮಾಡ್ಸಿದ ಮದ್ವೆ, ನೀವೇ ಹೇಳಿ ಈಗ ಏನ್ಮಾಡೋದು" ಎಂದು ಕೇಳಿದಳು. ಇವನು ಒಳಗೆ ಕರೆದು ಟೀ ಕೊಟ್ಟು ಅರ್ಧ ದಿನ ಮಾತಾಡಿಸಿ ಕಳಿಸಿದ. ಅವತ್ತು ನನಗೆ ಜ್ವರವಿತ್ತು, ಬೊಗ್ನಾ ನನ್ನ ಮೇಲೆ ವಾಂತಿ ಮಾಡಿಕೊಂಡಿದ್ದಳು. ನಿಜ ಹೇಳುತ್ತೇನಮ್ಮಾ, ಹೋದರೆ ಹೋಗಲಿ ಈ ಮೇಯರ್‌ಗಿರಿ ಎಂದು ನನ್ನ ಒಂದು ಮನಸ್ಸು ಹೇಳುತ್ತಲೇ ಇರುತ್ತದೆ. ಆದರೆ ಹೋಗುವುದಾದರೆ ಝೆನೋನ್ ಕೈಯಿಂದ ಹೋಗಲಿ. ನಮ್ಮ ಅಜ್ಜಿಯ ಕೈಯಿಂದ ಹೋಗಬಾರದು.

ಹೌದು, ಅಜ್ಜಿಯ ಕೈಯಿಂದಲೇ. ಹೇಗೆಂದು ಹೇಳುತ್ತೇನೆ, ಕಾಫಿ ಪಕ್ಕಕ್ಕಿಟ್ಟು ಓದು. ಇವನನ್ನು ಆರಿಸಿದ ಚುನಾವಣೆಯಲ್ಲಿ ಎಷ್ಟು ಜನ ಓಟು ಹಾಕಿದ್ದರೋ, ಇವತ್ತು ಅದರ ಐದರಲ್ಲಿ ಮೂರು ಪಾಲಿನಷ್ಟಾದರೂ ಜನ ಬರಬೇಕು. ಅಷ್ಟು ಬರದಿದ್ದರೆ ಪೆಟ್ಟಿಗೆಯಲ್ಲಿ ಏನೇ ಬಿದ್ದಿರಲಿ, ಲೆಕ್ಕಕ್ಕಿಲ್ಲ. ಬಂದವರು ಯಾವ ಕಡೆಗೆ ಹಾಕಿದರು ಎನ್ನುವುದು ಆಮೇಲಿನ ಮಾತು, ಮೊದಲು ಬಂದ ತಲೆಗಳ ಎಣಿಕೆ. ಆದ್ದರಿಂದ ಮೇಯರ್ ಉಳಿಯಲಿ ಎನ್ನುವವರು ಇವತ್ತು ಮಾಡಬೇಕಾದ ಕೆಲಸ ಒಂದೇ. ಮನೆಯಲ್ಲಿ ಕೂರಬೇಕು. ಎಲ್ಲಾ ಊರಿನಲ್ಲೂ ಹೀಗೇ ಮಾಡುತ್ತಾರೆ. ಇವನ ಕಡೆಯವರು ಎರಡು ವಾರದಿಂದ ಇದನ್ನೇ ಹೇಳುತ್ತಾ ಓಡಾಡಿದರು, ಭಾನುವಾರ ಹಾಯಾಗಿ ಮನೆಯಲ್ಲಿರಿ, ಮಕ್ಕಳನ್ನು ಜಾರುಬಂಡಿಗೆ ಕರೆದುಕೊಂಡು ಹೋಗಿ ಅಂತ. ಬೇಕರಿಯ ಬೊಝೆನಾ ಅಕ್ಕ, "ನಾನು ಬೆಳಿಗ್ಗೆಯಿಂದ ರಾತ್ರಿವರ್ಗೂ ಸಾರು ಕುದಿಸ್ತಾ ಇರ್ತೀನಿ, ಬಾಗಿಲಿಗೆ ಬೆಂಕಿ ಬಿದ್ರೂ ಹೊರಗೆ ಬರಲ್ಲ" ಎಂದಳು. "ನಿನ್ನ ಗಂಡ ಇಡೀ ಊರನ್ನ ಮಲಗಿಸಿ ಗೆಲ್ಲೋಕೆ ಹೊರಟಿದ್ದಾನೆ" ಎಂದು ಝೆನೋನ್ ಕಡೆಯವರ ಕುಹಕ. ಈ ಮಾತು ಮಾತ್ರ ಸೆವೆರಿನ್‌ಗೆ ಚುಚ್ಚುತ್ತದೆ. ಊಟ ಅರ್ಧಕ್ಕೆ ಬಿಡುತ್ತಾನೆ. ಮನೆಯಲ್ಲಿ ಕೂರಿ ಎಂದು ತನ್ನ ಬಾಯಿಂದ ಅವನು ಇದುವರೆಗೆ ಯಾರಿಗೂ ಹೇಳಿಲ್ಲ, ಹೇಳುವವರನ್ನು ತಡೆದೂ ಇಲ್ಲ.

ಝೆನೋನ್ ಎಷ್ಟೇ ಎಳೆದು ತಂದರೂ ಆ ಗೆರೆಗೆ ಸ್ವಲ್ಪ ಕಡಿಮೆ ಬೀಳುತ್ತದೆ ಎಂದು ಎರಡೂ ಕಡೆಯವರ ಅಂದಾಜು. ಆ ಸ್ವಲ್ಪವನ್ನು ತುಂಬಿಕೊಡಲು ಹೊರಟಿರುವವಳು ನಮ್ಮ ಅಜ್ಜಿ. ಜೊತೆಗೆ ಝಗಾಯೆಯ ಮಹಿಳಾ ಮಂಡಳಿ, ಅವರ ಗಂಡಂದಿರು, ಸೊಸೆಯರು.

ಝಗಾಯೆಯವರಿಗೆ ಇವನ ಮೇಲೆ ಸಿಟ್ಟಿರಬೇಕಲ್ಲ ಎಂದು ನೀನು ಕೇಳಬಹುದು. ಇತ್ತು. ಸೆಪ್ಟೆಂಬರಿನ ಸುಗ್ಗಿಹಬ್ಬಕ್ಕೆ ನೀನು ಇರಲಿಲ್ಲ. ಹೊಸ ಗೋಧಿಯ ದೊಡ್ಡ ಬ್ರೆಡ್ಡನ್ನು ಮೇಯರ್ ಕೈಗೆ ಕೊಡುವ ಸರದಿ ಈ ಸಲ ಝಗಾಯೆಯದ್ದಾಗಿತ್ತು. ಆ ಹೆಂಗಸರು ಹೂಮಾಲೆ ತಂದರು, ಬ್ರೆಡ್ಡು ತಂದರು, ಮೈದಾನದ ನಡುವೆ ನಿಂತರು, ಮುಂದಕ್ಕೆ ಒಂದು ಹೆಜ್ಜೆ ಇಡಲಿಲ್ಲ. ಬ್ಯಾಂಡಿನವರು ಅದೇ ಹಾಡನ್ನು ಮತ್ತೆ ಮತ್ತೆ ಬಾರಿಸುತ್ತಿದ್ದಾರೆ, ಪಾದ್ರಿಗಳು ನೆಲ ನೋಡುತ್ತಿದ್ದಾರೆ, ಇವನು ಎರಡೂ ಕೈ ಚಾಚಿಕೊಂಡು ಬಿಸಿಲಲ್ಲಿ ಒಬ್ಬನೇ ನಿಂತಿದ್ದಾನೆ. ಆಗ ಅಜ್ಜಿ ಗುಂಪಿನಿಂದ ಹೊರಗೆ ಬಂದು ಆ ಬ್ರೆಡ್ಡನ್ನು ಕಿತ್ತುಕೊಂಡಳು. "ಕೈ ಎತ್ತಿದೋರು ಹದಿನೈದು ಜನ. ನಮ್ಮೂರಿಗೆ ಬಂದು, ಬೈಸ್ಕೊಂಡು, ನಿಂತು ಉತ್ತರ ಕೊಟ್ಟೋನು ಇವನೊಬ್ನೇ. ನಾನು ಇವನಿಗೆ ಕೊಡ್ತೀನಿ, ನೀವು ಬೇಕಾದ್ರೆ ನನ್ನ ಬೈರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ನಡೆದು ಬಂದಳು. ಸೆವೆರಿನ್ ಬ್ರೆಡ್ಡಿಗೆ ಮುತ್ತಿಟ್ಟು, ಅಜ್ಜಿಯ ಕೈಗೂ ಮುತ್ತಿಟ್ಟ. ಅವತ್ತಿನಿಂದ ಚಳಿಗಾಲವಿಡೀ ಅಜ್ಜಿ ಒಬ್ಬೊಬ್ಬರ ಮನೆಗೆ ಹೋಗಿ ಹೆಂಗಸರನ್ನು ಒಲಿಸಿದ್ದಾಳೆ. ಒಲಿಸಿಯೇ ಬಿಟ್ಟಳು! ಈಗ ಆ ಒಲವೇ ಕುತ್ತಿಗೆಗೆ ಬಂದಿದೆ.

ಗುರುವಾರ ರಕ್ತದೊತ್ತಡ ತೋರಿಸಲು ಊರಿಗೆ ಬಂದವಳು ಊಟಕ್ಕೆ ನಮ್ಮಲ್ಲಿಗೇ ಬಂದಳು. ಹುಳಿ ಸೌತೆಕಾಯಿಯ ಸಾರು ಮಾಡಿದ್ದೆ. ಎರಡು ಚಮಚ ಕುಡಿದು, "ಭಾನುವಾರ ನಾವೆಲ್ಲ ಬರ್ತಿದ್ದೀವಿ ಮಗಾ, 'ಇಳಿಸೋದು ಬೇಡ' ಅನ್ನೋ ಚೌಕದಲ್ಲಿ ಈ ಉದ್ದ ಗೀಟು ಎಳೀತೀವಿ" ಎಂದಳು. ನಾನು ಸೌಟು ಕೆಳಗಿಟ್ಟೆ. ಸೆವೆರಿನ್ ಮುಖ ನೋಡಿದೆ. ಅವನು ಹೇಳಬೇಕಿತ್ತು, ಅಜ್ಜೀ ದಯವಿಟ್ಟು ಬರಬೇಡಿ ಅಂತ. ಎರಡೇ ಮಾತು. ಅಜ್ಜಿ ಮತ್ತೆ ಕೇಳಿದಳು, "ಏನ್ ಮಗಾ, ಬರ್ಲೋ ಬೇಡ್ವೋ? ಜನ ಏನೇನೋ ಅಂತಾರೆ, ನೀನ್ ಹೇಳು." ಇವನು ಬ್ರೆಡ್ಡು ಮುರಿಯುತ್ತಾ, "ಬನ್ನಿ ಅಜ್ಜಿ. ಓಟು ನಿಮ್ದು" ಎಂದ. ಅಷ್ಟೇ. ಅವಳು ಹೋದ ಮೇಲೆ ನಾನು ಕೂಗಾಡಿದೆ. "ಈ ವಯಸ್ಸಿನ ಹೆಂಗಸು ನನ್ನ ಮುಖ ನೋಡಿ ಕೇಳ್ತಿದ್ದಾಳೆ ಮಾರ್ಲೆನಾ, ಓಟು ಹಾಕ್ಬೇಡಿ ಅಂತ ನನ್ನ ಬಾಯಲ್ಲಿ ಬರ್ಲಿಲ್ಲ. ಬರೋ ಹಾಗಿದ್ರೆ ನಾನು ಝೆನೋನ್ ಆಗ್ತಿದ್ದೆ" ಎಂದು ಮಗುವನ್ನೆತ್ತಿಕೊಂಡು ಹೊರಗೆ ಹೋದ.

ಅದಕ್ಕೇ ನಿನ್ನೆ ನಾನೊಬ್ಬಳೇ ಝಗಾಯೆಗೆ ಹೋದೆ. ಅಜ್ಜಿ ಬಿಳಿ ರವಿಕೆಗೆ ಇಸ್ತ್ರಿ ಹಾಕುತ್ತಿದ್ದಳು, ಈಸ್ಟರಿಗೆ ಹಾಕುತ್ತಾಳಲ್ಲ, ಅದೇ. ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದೆ. ಐದರಲ್ಲಿ ಮೂರು ಪಾಲು ಎನ್ನುವುದನ್ನು ಅವಳ ಗುಂಡಿಡಬ್ಬಿಯ ಗುಂಡಿಗಳನ್ನು ಮೇಜಿನ ಮೇಲೆ ಹರಡಿ ತೋರಿಸಿದೆ. ನೀವೆಲ್ಲ ಹೋಗಿ 'ಬೇಡ' ಎಂದು ಗೀಟು ಹಾಕಿದರೂ ಪಾಲು ತುಂಬುತ್ತದೆ, ತುಂಬಿದ ಮೇಲೆ ಝೆನೋನ್ ಕಡೆಯ ಓಟು ನಿಮ್ಮದಕ್ಕಿಂತ ಹೆಚ್ಚಿರುತ್ತದೆ, ಇವನ ಕಡೆಯವರೆಲ್ಲ ಮನೆಯಲ್ಲಿ ಕೂತಿರುತ್ತಾರಲ್ಲ ಅಂದೆ. ಅವಳಿಗೆ ಅರ್ಥವಾಗಲಿಲ್ಲ ಎಂದುಕೊಳ್ಳಬೇಡ. ಪೂರ್ತಿ ಅರ್ಥವಾಯಿತು. ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಹೇಳಿದಳು: "ಆಗಿನ ಒಂದೇ ಪಕ್ಷದ ಕಾಲದಲ್ಲಿ ಓಟಿಗೆ ಹೋಗ್ಲಿಲ್ಲ ಅಂದ್ರೆ ಸರ್ಕಾರದ ವಿರೋಧಿ ಅಂತಿದ್ರು. ಕಾರು ಕಳಿಸ್ತಿದ್ರು ಮನೆ ಬಾಗಿಲಿಗೆ. ನಿಮ್ಮ ತಾತ ಆಲೂಗಡ್ಡೆ ನೆಲಮನೇಲಿ ಅವಿತ್ಕೊಂಡು ಕೂತಿದ್ರು, ಹೋಗ್ಬಾರ್ದು ಅಂತ. ಈಗ ಓಟಿಗೆ ಹೋದ್ರೆ ಮೇಯರ್ ವಿರೋಧಿ ಅಂತೀರ. ನಿಜವಾದ ಓಟು ಕೈಗೆ ಬಂದ ಮೇಲೂ ನಾನು ನೆಲಮನೇಲಿ ಕೂರ್ಬೇಕೇನೇ? ಮತ್ತೆ ಆ ಕಾಗದದ ಮೇಲೆ 'ಬೇಡ' ಅನ್ನೋ ಚೌಕ ಯಾಕೆ ಅಚ್ಚು ಹಾಕಿಸ್ತಾರೆ, ಚೆಂದಕ್ಕಾ?" ನಾನು, ಭೂಗೋಳದಲ್ಲಿ ಎಂ.ಎ. ಮಾಡಿದವಳು, ಗುಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದೆ. ಆಮೇಲೆ ಮೆತ್ತಗೆ, ಇವನು ಸೋತರೆ ಅಜ್ಜೀ ಎಂದೆ. "ಸೋಲಲ್ಲ. ಸೋತ್ರೂ ನಾನು ಅವನ ಕಡೆ ನಿಂತಿದ್ದೆ ಅನ್ನೋದು ಊರಿಗೆ ಕಾಣುತ್ತೆ" ಎಂದಳು. ಹೊರಡುವಾಗ ಕೋಟಿನ ಗುಂಡಿ ಹಾಕುತ್ತಾ, "ಬೆಳಿಗ್ಗೆ ಆರೂವರೆಗೆ ಬಾ. ಏಳಕ್ಕೆ ಓಟು ಮುಗಿಸಿ ಎಂಟರ ಪೂಜೆಗೆ ಹೋಗ್ತೀವಿ" ಎಂದಳು. ನಾನು ಆಯ್ತು ಅಂದೆ. ಯಾಕಂದೆನೋ ದೇವರಿಗೇ ಗೊತ್ತು.

ಮೊದಲಾದರೆ ಝಗಾಯೆಯವರಿಗೆ ಮತಗಟ್ಟೆ ಶಾಲೆಯಲ್ಲೇ ಇರುತ್ತಿತ್ತು, ನಡೆದು ಹೋಗುತ್ತಿದ್ದರು. ಶಾಲೆ ಮುಚ್ಚಿತಲ್ಲ, ಈಗ ಇಲ್ಲಿನ ಅಗ್ನಿಶಾಮಕದ ಕಟ್ಟಡಕ್ಕೆ ಬರಬೇಕು. ಭಾನುವಾರ ಬಸ್ಸಿಲ್ಲ. ಅಜ್ಜಿಯನ್ನೂ ಕಾರಿಲ್ಲದ ಮೂವರು ವಿಧವೆಯರನ್ನೂ ನಾನೇ ಕರೆತರಬೇಕು. ಉಳಿದವರು ತಮ್ಮ ತಮ್ಮ ಕಾರಿನಲ್ಲಿ ಹಿಂದೆ ಬರುತ್ತಾರೆ. ಅಜ್ಜಿ ಹೊರಟರೆ ಎಲ್ಲರೂ ಹೊರಡುತ್ತಾರೆ. ಅಜ್ಜಿ ಕೂತರೆ ಎಲ್ಲರೂ ಕೂರುತ್ತಾರೆ. ಅಷ್ಟೇ ಸರಳ. ಕಾರು ಕೆಟ್ಟಿತು ಅನ್ನಬಹುದು. ಬೊಗ್ನಾಗೆ ಜ್ವರ ಅನ್ನಬಹುದು, ಆದರೆ ಮಗುವಿನ ಹೆಸರಿನಲ್ಲಿ ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲ. ಅಜ್ಜಿ ಕೋಟು ಹಾಕಿಕೊಂಡು ಜಗುಲಿಯಲ್ಲಿ ನಿಂತು ರಸ್ತೆ ನೋಡುತ್ತಿರುತ್ತಾಳೆ, ಅದು ಕಣ್ಣಿಗೆ ಕಟ್ಟುತ್ತದೆ. ಹೋದರೆ ಏನಾಗುತ್ತದೆ ಎನ್ನುವುದೂ ಕಣ್ಣಿಗೆ ಕಟ್ಟುತ್ತದೆ. ನಾಳೆ ಎಣಿಕೆ ಗೊತ್ತಾಗುತ್ತದೆ. ಝೆನೋನ್ ಸುಮ್ಮನಿರುವವನಲ್ಲ, ಝಗಾಯೆಗೆ ಹೋಗಿ ಅಂಗಡಿ ಮುಂದೆ ನಿಂತು, ನಿಮ್ಮಿಂದಲೇ ಆಯ್ತು ಅಜ್ಜಿಯಂದಿರಾ ಎಂದು ಟೋಪಿ ತೆಗೆದು ಕೈಮುಗಿಯುತ್ತಾನೆ. ಸೋತರೂ ಸರಿ ಎಂದು ಈಗ ಹೇಳುತ್ತಾಳೆ, ಅದನ್ನು ಕೇಳಿದ ಮೇಲೆ ಅವಳು ಹೇಗಿರುತ್ತಾಳಮ್ಮಾ? ಸೆವೆರಿನ್‌ಗೆ ಬೇರೆ ಕೆಲಸ ಸಿಗುತ್ತದೆ, ನಾಲ್ಕು ದಿನ ತಲೆತಗ್ಗಿಸಿ ಓಡಾಡಿ ಐದನೆಯ ದಿನ ಎತ್ತುತ್ತಾನೆ. ಅಜ್ಜಿ ತಾನು ಬ್ರೆಡ್ಡು ಕೊಟ್ಟವನನ್ನು ತಾನೇ ಕೆಡವಿದೆ ಎಂದುಕೊಂಡು ಉಳಿದ ದಿನಗಳನ್ನೆಲ್ಲ ಕಳೆಯಬೇಕು.

ಆದ್ದರಿಂದ ನೀನು ಅವಳಿಗೆ ಫೋನ್ ಮಾಡು. ಐದಕ್ಕೆಲ್ಲ ಅವಳೂ ಎದ್ದಿರುತ್ತಾಳೆ. ನನ್ನ ಮಾತು ಮೊಮ್ಮಗಳ ಮಾತು, ನಿನ್ನದಾದರೆ ಮಗಳ ಮಾತು. ದೂರ ಇರುವ ಮಗಳ ಮಾತನ್ನು ಅವಳು ತೆಗೆದುಹಾಕುವುದಿಲ್ಲ. ಹೊರಗೆ ಹಿಮ, ಜಾರುತ್ತದೆ, ಹೋಗಬೇಡಮ್ಮಾ ಅನ್ನು. ಅಥವಾ ಇದ್ದದ್ದನ್ನು ಇದ್ದ ಹಾಗೆಯೇ ಹೇಳು, ನಿನಗೆ ಹೇಗೆ ತೋಚುತ್ತದೋ ಹಾಗೆ. ನಾನು ಹೇಳಿಸಿದೆ ಎನ್ನಬೇಡ.

ಹೆನ್ನಿಂಗ್ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ರಾತ್ರಿ ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡೇ ಮಲಗು. ನಿನ್ನ ಬೊಗ್ನಾ ನಿನ್ನ ಫೋಟೊ ನೋಡಿ ಕೈ ಬೀಸುತ್ತಾಳೆ. ದೇವರು ನಿನ್ನ ಸೊಂಟವನ್ನು ಕಾಯಲಿ, ನಮ್ಮೆಲ್ಲರ ಬುದ್ಧಿಯನ್ನೂ.

ನಿನ್ನ ಮಗಳು,
ಮಾರ್ಲೆನಾ

ಮರೆತ ಮಾತು: ಅಮ್ಮಾ, ಸೆವೆರಿನ್ ಎದ್ದುಬಿಟ್ಟ. ಹಾಳೆಗಳು ಮೇಜಿನ ಮೇಲಿದ್ದವು, ನಿಂತುಕೊಂಡೇ ಓದಿದ. ಬೈಯಲಿಲ್ಲ. "ಅಜ್ಜಿಗೆ ಬರ್ತೀನಿ ಅಂತ ಹೇಳಿದ್ದೀಯ. ನಿನ್ನ ಕೈಲಿ ಆಗಲ್ಲ ಅಂದ್ರೆ ನಾನೇ ಹೋಗಿ ಕರ್ಕೊಂಡು ಬರ್ತೀನಿ" ಎಂದ. ತನ್ನನ್ನು ಇಳಿಸುವ ಓಟಿಗೆ ಮೇಯರ್ ತಾನೇ ಕಾರು ಓಡಿಸಿಕೊಂಡು ಜನರನ್ನು ತರುವುದೇ? ಝೆನೋನ್ ಮತಗಟ್ಟೆಯ ಬಾಗಿಲಲ್ಲೇ ಫೋನ್ ಹಿಡಿದು ನಿಂತಿರುತ್ತಾನೆ, ಒಂದು ಫೋಟೊ ಸಾಕು, ಹೆದರಿಸಿ ಎಳೆದುತಂದ ಎಂದು ಕತೆ ಕಟ್ಟಲು. ಹೇಳಿದೆ. "ಕಟ್ಲಿ ಬಿಡು" ಎನ್ನುತ್ತಾನೆ. ನಾಲ್ಕು ಜನ ಕೂರಬೇಕಲ್ಲ, ಕಾರಿನಿಂದ ಬೊಗ್ನಾಳ ಪುಟ್ಟ ಸೀಟು ಬಿಚ್ಚಬೇಕು, ಬೂಟು ಹಾಕಿಕೊಂಡು ಈಗ ಕಾರಿನ ಕೀಲಿ ಹುಡುಕುತ್ತಿದ್ದಾನೆ. ಕೋಟುಗಳನ್ನೆಲ್ಲ ತಡಕಾಡುತ್ತಿದ್ದಾನೆ. ಕೀಲಿ ನನ್ನ ಜೇಬಿನಲ್ಲಿದೆ. ನಾನು ಹೇಳುತ್ತಿಲ್ಲ. ಅವನು ಕೇಳುತ್ತಲೂ ಇಲ್ಲ, ಗೊತ್ತಿದ್ದೂ ಕೇಳುತ್ತಿಲ್ಲ ಅನ್ನಿಸುತ್ತದೆ. ಅಮ್ಮಾ, ಮೇಲೆ ಬರೆದದ್ದನ್ನು ಬಿಡು, ಅಜ್ಜಿಗೆ ಫೋನ್ ಮಾಡಬೇಡ. ಅವಳು ತಿಳಿದೇ ಹೊರಟಿದ್ದಾಳೆ, ಇವನೂ ತಿಳಿದೇ ಬಾ ಎಂದಿದ್ದಾನೆ, ತಡೆಯಬೇಕೆಂದು ಒದ್ದಾಡುತ್ತಿರುವವಳು ನಾನೊಬ್ಬಳೇ. ನನಗೆ ಮಾಡು. ಹೋಗೇ, ಅಜ್ಜಿಯನ್ನು ಕರೆದುಕೊಂಡು ಬಾ, ಏನಾದರೂ ಆಗಲಿ ಎಂದು ನಿನ್ನ ಬಾಯಿಂದ ಒಂದು ಸಲ ಹೇಳು, ಇವನಿಗಿಂತ ಮೊದಲು ನಾನೇ ಹೊರಡುತ್ತೇನೆ. ಬೇಡ ಎಂದರೆ ಅದನ್ನಾದರೂ ಹೇಳು. ಆರು ಗಂಟೆಯೊಳಗೆ ಫೋನ್ ಮಾಡಮ್ಮಾ. ಆ ಮುದುಕಮ್ಮ ಎದ್ದರೂ ಪರವಾಗಿಲ್ಲ, ಬೈದರೂ ಪರವಾಗಿಲ್ಲ, ಮಾಡು.